ಹರ್ಕೂರಿನ ಮನೆ ಮಣಿಪಾಲದಲ್ಲಿ

ಕುಂದಾಪುರ ಸೀಮೆಯ ಹರ್ಕೂರಿನ 'ಒಳಗಿನ ಮನೆ'ಯನ್ನು ನೋಡಬಯಸುವವರು ಹೋಗಬೇಕಾದುದು ಹರ್ಕೂರಿಗಲ್ಲ, ಮಣಿಪಾಲಕ್ಕೆ. ಅಲ್ಲಿನ ಹಸ್ತಶಿಲ್ಪ ಪಾರಂಪರಿಕ ಗ್ರಾಮದ ಸುಮಾರು 6 ಎಕರೆ ಆವರಣದಲ್ಲಿ ಅದನ್ನು ಮರಳಿ ನಿಲ್ಲಿಸಲಾಗಿದೆ. ಕುಂಜೂರಿನ 1816ರ ಚೌಕಿಮನೆ ಮತ್ತು ಭಟ್ಕಳದ ನವಾಯತರ ಮನೆ ಅದರ ನೆರೆಹೊರೆ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ (1934-2017) ಈ ಗ್ರಾಮದ ನಿರ್ಮಾತೃ.

ಮನೆಗಳೇಕೆ ಊರು ಬಿಡಬೇಕಾಯಿತು? ಕರಾವಳಿಯ ದೊಡ್ಡ ಮನೆಗಳನ್ನು ಸಾಕುತ್ತಿದ್ದುದು ಗೇಣಿಯ ಅಕ್ಕಿ ಮತ್ತು ಅವಿಭಕ್ತ ಕುಟುಂಬದ ದುಡಿಮೆ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯಲ್ಲಿ ಪಾಲು ಪಡೆಯಲು ದಾರಿ ಮಾಡಿತು. 1974ರ ಭೂಸುಧಾರಣಾ ತಿದ್ದುಪಡಿ ಉಳುವವನಿಗೆ ಭೂಮಿಯ ಒಡೆತನ ನೀಡಿತು. ಗೇಣಿದಾರರಿಗೆ ಅದು ನ್ಯಾಯ. ದೊಡ್ಡ ಮನೆಗಳಿಗೆ ಮಾತ್ರ ಆದಾಯ ನಿಂತಿತು. ಕಿರಿಯರು ಮುಂಬಯಿ, ಬೆಂಗಳೂರು ಸೇರಿದರು. ಪ್ರತಿ ಮಳೆಗಾಲಕ್ಕೂ ಮಾಡು ರಿಪೇರಿ ಮಾಡಿಸುವುದಕ್ಕಿಂತ ಮನೆ ಬಿಚ್ಚಿ ಮರ ಮಾರುವುದೇ ಲಾಭವೆನಿಸಿತು.

ಬಿಚ್ಚಿದ ಮನೆಯನ್ನು ಮತ್ತೆ ಕಟ್ಟಲು ಸಾಧ್ಯವಾಗುವುದು ಅದರ ಮರಗೆಲಸದಿಂದ. ಕಂಬ, ತೊಲೆ, ಮುಚ್ಚಿಗೆಗಳು ಒಂದರೊಳಗೊಂದು ಕೂರುವ ಕಾರಣ, ಅಳತೆ ತೆಗೆದು, ಪ್ರತಿ ತುಂಡಿಗೂ ಗುರುತು ಹಾಕಿದರೆ ಬೇರೆಡೆ ಜೋಡಿಸಬಹುದು. ಮಣ್ಣಿನ ಗೋಡೆಯನ್ನು ಹಾಗೆ ಹೊತ್ತೊಯ್ಯಲಾಗದು. ಅದನ್ನು ಹೊಸದಾಗಿಯೇ ಕಟ್ಟಬೇಕು.

ಹಳೆಯ ಮನೆ ನೋಡುವಾಗ ಹೆಂಚಿನತ್ತಲೂ ಗಮನವಿರಲಿ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಹಿಂದಿನ ಮನೆಯ ಮೇಲೆ ಮಂಗಳೂರು ಹೆಂಚಿದ್ದರೆ ಮಾಡು ಅನಂತರ ಬದಲಾಗಿದೆ ಎಂದೇ ಅರ್ಥ.

ಸ್ಥಳಾಂತರದಿಂದ ಮನೆ ಉಳಿಯುತ್ತದೆ, ಮನೆತನದ ನೆಲ ಉಳಿಯುವುದಿಲ್ಲ. ಬಾವಿ, ನಾಗಬನ, ಎದುರಿನ ಗದ್ದೆ ಅಲ್ಲಿಯೇ ಇರುತ್ತವೆ. ಆ ಗದ್ದೆಯಲ್ಲಿ ದುಡಿದವರ ಮುಳಿಹುಲ್ಲಿನ ಮನೆಗಳಲ್ಲಿ ಹೊತ್ತೊಯ್ಯುವಂಥ ಮರವೂ ಇರಲಿಲ್ಲ. ಅವು ಬಹುತೇಕ ಗುರುತಿಲ್ಲದೆ ಅಳಿದವು. ಚೌಕಿಮನೆಯ ವೈಭವ ಮೆಚ್ಚುವವರು ಇದನ್ನೂ ನೆನೆಯಬೇಕು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳ್ಳಿಗಳಲ್ಲಿ ಇಂತಹ ಮನೆಗಳು ಇನ್ನೂ ಇವೆ. ಅವು ಜನ ವಾಸಿಸುವ ಮನೆಗಳು, ವಸ್ತುಸಂಗ್ರಹಾಲಯಗಳಲ್ಲ. ಅನುಮತಿ ಪಡೆದೇ ಜಗಲಿ ಹತ್ತಬೇಕು. ಕೆಡವಲೇಬೇಕಾದ ಅನಿವಾರ್ಯ ಬಂದರೆ, ಅದಕ್ಕೆ ಮುನ್ನ ನಕ್ಷೆ ಬರೆದು, ಛಾಯಾಚಿತ್ರ ತೆಗೆದು, ಹಿರಿಯರಿಂದ ಪ್ರತಿ ಕೋಣೆಯ ಹೆಸರು ಮತ್ತು ಬಳಕೆಯನ್ನು ಕೇಳಿ ಬರೆದಿಡುವುದು ಯಾವ ಕುಟುಂಬಕ್ಕೂ ಭಾರವಾಗದ ಕೆಲಸ.