ಹೆಸರು ಹೇಳದ 28 ಲಕ್ಷ ಮತದಾರರು

ಉತ್ತರ ಕರ್ನಾಟಕದ ಮದುವೆಮನೆಗಳಲ್ಲಿ ಹೆಸರು ಹೇಳಿಸುವ ಶಾಸ್ತ್ರವೊಂದುಂಟು. ಮದುಮಗಳು ಗಂಡನ ಹೆಸರನ್ನು ನೇರವಾಗಿ ಹೇಳುವಂತಿಲ್ಲ. ಪ್ರಾಸ ಕೂಡಿಸಿದ ಒಡಪಿನಲ್ಲಿ ಅಡಗಿಸಿ ಹೇಳಬೇಕು. ಸುತ್ತ ನೆರೆದವರಿಗೆ ಅದೊಂದು ಮೋಜು. ಆದರೆ ಸ್ವತಂತ್ರ ಭಾರತ ತನ್ನ ಮೊದಲ ಮತದಾರರ ಪಟ್ಟಿಯನ್ನು ತಯಾರಿಸಲು ಹೊರಟಾಗ ಎದುರಾದ ತೊಡಕು ಮೋಜಿನದಾಗಿರಲಿಲ್ಲ. ಉತ್ತರದ ಕೆಲವು ಪ್ರಾಂತಗಳಲ್ಲಿ ಲಕ್ಷಾಂತರ ಹೆಂಗಸರು ಹೇಳಲು ಹಿಂಜರಿದದ್ದು ತಮ್ಮದೇ ಹೆಸರನ್ನು. ಮನೆ ಬಾಗಿಲಿಗೆ ಬಂದ ಅಪರಿಚಿತನ ಎದುರು ಹೆಸರು ಹೇಳಿಕೊಳ್ಳುವುದು ಅಲ್ಲಿನ ರೂಢಿಗೆ ಒಪ್ಪುವಂಥದ್ದಾಗಿರಲಿಲ್ಲ. ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಉತ್ತರ ಬಂತು. ಪಟ್ಟಿಯಲ್ಲೂ ಹಾಗೆಯೇ ದಾಖಲಾಯಿತು.

ಹೀಗೆ ದಾಖಲಾದವರಲ್ಲಿ ಸುಮಾರು 28 ಲಕ್ಷ ಮಂದಿ 1951–52ರ ಮೊದಲ ಮಹಾಚುನಾವಣೆಯಲ್ಲಿ ಮತ ಹಾಕಲಾಗಲಿಲ್ಲ. ಅವರು ಈ ದೇಶದ ಪೌರರೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ವಯಸ್ಸೂ ತುಂಬಿತ್ತು. ಇಲ್ಲದ್ದು ಪಟ್ಟಿಯಲ್ಲಿ ಅವರದೇ ಆದ ಒಂದು ಹೆಸರು. ಪೌರತ್ವವೆಂಬುದು ಸಂವಿಧಾನದ ಪುಟದಿಂದ ಮತಗಟ್ಟೆಯವರೆಗೆ ನಡೆದುಬರಬೇಕಾದರೆ ಮತದಾರರ ಪಟ್ಟಿಯೆಂಬ ಹೊಸ್ತಿಲನ್ನು ದಾಟಲೇಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಕನ್ನಡದ ‘ಪ್ರಜೆ’ ಎಂಬ ಪದದಲ್ಲಿಯೇ ಈ ಕಥೆಯ ಹಿನ್ನೆಲೆಯಿದೆ. ಸಂಸ್ಕೃತದಲ್ಲಿ ಅದಕ್ಕೆ ಸಂತಾನ ಎಂಬ ಅರ್ಥವೂ ಇದೆ. ಅರಸನ ಆಳ್ವಿಕೆಗೆ ಒಳಪಟ್ಟವರೂ ಪ್ರಜೆಗಳೇ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾದಾಗ 144 ಮಂದಿ ಸದಸ್ಯರಿದ್ದರು. ಹೆಸರಿನಲ್ಲಿ ‘ಪ್ರಜಾ’ ಎಂದಿದ್ದರೂ ಪ್ರಜೆಗಳೆಲ್ಲರೂ ಸೇರಿ ಅವರನ್ನು ಆರಿಸಿರಲಿಲ್ಲ. ಮುಂದೆ ಚುನಾವಣೆಯ ಪದ್ಧತಿ ಬಂದಾಗಲೂ ಇಷ್ಟು ಕಂದಾಯ ಕಟ್ಟಬೇಕು, ಇಷ್ಟು ಆಸ್ತಿ ಇರಬೇಕು ಎಂಬ ನಿಬಂಧನೆಗಳಿದ್ದವು. 1923ರ ಕಾಯ್ದೆ ಹೆಂಗಸರಿಗೂ ಬಾಗಿಲು ತೆರೆಯಿತಾದರೂ ಆಸ್ತಿಯ ಹೊಸ್ತಿಲು ಹಾಗೆಯೇ ಉಳಿಯಿತು.

ಬ್ರಿಟಿಷ್ ಇಂಡಿಯಾದ ಸ್ಥಿತಿಯೂ ಇದೇ. 1935ರ ಕಾಯ್ದೆಯ ಪ್ರಕಾರ ಆಸ್ತಿ, ತೆರಿಗೆ ಅಥವಾ ವಿದ್ಯೆಯ ಅರ್ಹತೆ ಇದ್ದವರಿಗಷ್ಟೇ ಮತ. ಈ ಕಾಯ್ದೆ ಹೆಂಗಸರಿಗೆ ಇನ್ನೊಂದು ದಾರಿಯನ್ನೂ ತೋರಿಸಿತ್ತು. ನಿಗದಿತ ಆಸ್ತಿ ಇದ್ದ ಗಂಡಸಿನ ಹೆಂಡತಿ, ಆ ಸಂಬಂಧದ ಬಲದಿಂದಲೇ ಮತದಾರಳಾಗಬಹುದಿತ್ತು. ಅಂದರೆ ‘ಇಂಥವರ ಹೆಂಡತಿ’ ಎಂಬುದು ಆ ಕಾಲದಲ್ಲಿ ಕಾನೂನು ಒಪ್ಪಿದ ಅರ್ಹತೆ. ಹದಿನೈದೇ ವರ್ಷಗಳಲ್ಲಿ ಅದೇ ಮಾತು ಅನರ್ಹತೆಗೆ ಕಾರಣವಾಯಿತು. ಈ ನಡುವೆ ಆದದ್ದು ಒಂದು ದೊಡ್ಡ ಬದಲಾವಣೆ: ಮತವು ಮನೆತನಕ್ಕೆ, ಜಮೀನಿಗೆ ಸೇರಿದ್ದೆಂಬ ಭಾವನೆ ಹೋಗಿ, ಒಬ್ಬೊಬ್ಬ ವ್ಯಕ್ತಿಗೂ ಸೇರಿದ್ದೆಂಬ ತತ್ವ ಬಂತು.

ಈ ತತ್ವವನ್ನು ಕಾಗದಕ್ಕೆ ಇಳಿಸುವ ಕೆಲಸ ಸಂವಿಧಾನ ಸಿದ್ಧವಾಗುವ ಮೊದಲೇ ಶುರುವಾಯಿತು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಆಗ ಸಂವಿಧಾನ ಸಭೆಯ ಸಲಹೆಗಾರರು. ವಯಸ್ಕರೆಲ್ಲರನ್ನೂ ಸೇರಿಸಿ ಕರಡು ಪಟ್ಟಿ ತಯಾರಿಸಬೇಕೆಂಬ ಸೂಚನೆ ಸಭೆಯ ಸಚಿವಾಲಯದಿಂದ 1948ರಲ್ಲಿಯೇ ಪ್ರಾಂತಗಳಿಗೂ ಸಂಸ್ಥಾನಗಳಿಗೂ ಹೋಯಿತು. ಕನ್ನಡ ನಾಡು ಆಗ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕಾಲ. ಆಡಳಿತ ಬೇರೆಬೇರೆಯಾದರೂ ಎಲ್ಲ ಕಡೆ ಪಟ್ಟಿಯ ತತ್ವ ಒಂದೇ. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರದು ಇನ್ನೊಂದು ಸಮಸ್ಯೆ. ನಿಗದಿತ ಅವಧಿಯ ವಾಸವನ್ನು ತೋರಿಸಲು ಅವರಿಂದಾಗದು. ಇಲ್ಲಿಯೇ ಕಾಯಂ ಆಗಿ ನೆಲೆಸುವ ಇಚ್ಛೆಯಿದೆ ಎಂದು ಅವರು ಬರೆದುಕೊಟ್ಟರೆ ಸಾಕು, ಹೆಸರು ಸೇರಿಸಬಹುದೆಂದು ತೀರ್ಮಾನವಾಯಿತು.

ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ರಂದು ಎಂಬುದು ಎಲ್ಲರಿಗೂ ಗೊತ್ತು. ಆದರೆ ಪೌರತ್ವಕ್ಕೆ ಸಂಬಂಧಿಸಿದ 5ರಿಂದ 9ರವರೆಗಿನ ವಿಧಿಗಳು ಮತ್ತು ಚುನಾವಣಾ ಆಯೋಗವನ್ನು ಕುರಿತ 324ನೆಯ ವಿಧಿ ಎರಡು ತಿಂಗಳು ಮೊದಲೇ, 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಗಣರಾಜ್ಯಕ್ಕಿಂತ ಮೊದಲು ಅದರ ಪೌರ ಹುಟ್ಟಿದ್ದ ಎನ್ನಬಹುದು.

ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಅವರ ಮುಂದೆ ಸುಮಾರು 17 ಕೋಟಿ 32 ಲಕ್ಷ ಮತದಾರರ ಪಟ್ಟಿಯಿತ್ತು. ಅದರಲ್ಲಿ ಹೆಂಗಸರೇ ಎಂಟು ಕೋಟಿಯ ಹತ್ತಿರ. ಹೆಸರಿಲ್ಲದ ಹೆಂಗಸರ ಪ್ರಶ್ನೆ ಹೆಚ್ಚಾಗಿ ಕಾಡಿದ್ದು ಬಿಹಾರ, ಉತ್ತರ ಪ್ರದೇಶ, ಮಧ್ಯಭಾರತ, ವಿಂಧ್ಯಪ್ರದೇಶ ಹಾಗೂ ರಾಜಸ್ಥಾನಗಳಲ್ಲಿ. ಸ್ವಂತ ಹೆಸರು ಮತದಾರರ ಗುರುತಿನ ಅವಿಭಾಜ್ಯ ಅಂಗ. ಅದಿಲ್ಲದೆ ಪಟ್ಟಿಗೆ ಸೇರಿಸಲಾಗದು ಎಂದು ಆಯೋಗ ಗಟ್ಟಿಯಾಗಿ ನಿಂತಿತು. ಬಿಹಾರದಲ್ಲಿ ಹೆಸರು ತಿದ್ದಿಕೊಳ್ಳಲು ಒಂದು ತಿಂಗಳ ಹೆಚ್ಚುವರಿ ಅವಧಿ ಕೊಟ್ಟಾಗ ಬಹಳ ಮಂದಿ ಅದನ್ನು ಬಳಸಿಕೊಂಡರು. ರಾಜಸ್ಥಾನದಲ್ಲಿ ಅಂಥ ಸ್ಪಂದನೆ ಸಿಗಲಿಲ್ಲ. ಉಳಿದ ಹೆಸರುಗಳನ್ನು, ಅಥವಾ ಹೆಸರಿಲ್ಲದ ನಮೂದುಗಳನ್ನು, ತೆಗೆದುಹಾಕಲಾಯಿತು.

ಇದು ನ್ಯಾಯವೇ ಎಂಬ ಪ್ರಶ್ನೆ ಏಳುವುದು ಸಹಜ. ರೂಢಿ ಹೇರಿದ ಮೌನಕ್ಕೆ ಆ ಹೆಂಗಸರೇ ದಂಡ ತೆರಬೇಕಾಯಿತಲ್ಲ? ಆದರೆ ‘ರಾಮಲಾಲನ ಹೆಂಡತಿ’ ಎಂಬ ನಮೂದನ್ನು ಒಪ್ಪಿಕೊಂಡಿದ್ದರೆ, ಮತ ಆಕೆಯದೋ ರಾಮಲಾಲನದೋ ಎಂಬ ಅನುಮಾನ ಉಳಿದೇಬಿಡುತ್ತಿತ್ತು. ಆಕೆಯ ಹೆಸರಿನಲ್ಲಿ ಇನ್ನಾರೋ ಬಂದು ನಿಂತರೆ ತಡೆಯುವುದೂ ಕಷ್ಟವಾಗುತ್ತಿತ್ತು. ಹೆಸರುಗಳು ಬಿಟ್ಟುಹೋದ ಗದ್ದಲವೇ ಮುಂದಿನ ಚುನಾವಣೆಯೊಳಗೆ ಈ ಸಂಕೋಚವನ್ನು ಕಳೆದೀತು ಎಂಬುದು ಸೇನ್ ಅವರ ನಿರೀಕ್ಷೆಯಾಗಿತ್ತು. 2019 ಮತ್ತು 2024ರ ಲೋಕಸಭಾ ಚುನಾವಣೆಗಳೆರಡರಲ್ಲೂ ಮಹಿಳೆಯರ ಮತದಾನದ ಪ್ರಮಾಣ ಪುರುಷರದನ್ನು ತುಸು ಮೀರಿದೆ.

ಇಂದಿನ ಕಾನೂನು ಏನು ಹೇಳುತ್ತದೆ? ಸಂವಿಧಾನದ ಹಲವು ರಕ್ಷಣೆಗಳು ಪೌರರಲ್ಲದವರಿಗೂ ಸಲ್ಲುತ್ತವೆ. 21ನೆಯ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ನಮ್ಮ ನೆಲದಲ್ಲಿರುವ ಪ್ರತಿ ವ್ಯಕ್ತಿಯದು. ಮತದಾನ ಮಾತ್ರ ಪೌರನಿಗಷ್ಟೇ ಮೀಸಲು. 326ನೆಯ ವಿಧಿ ಅದಕ್ಕೆ ತಳಹದಿ. ಮೊದಲು 21 ಇದ್ದ ವಯೋಮಿತಿ 61ನೆಯ ತಿದ್ದುಪಡಿಯಿಂದಾಗಿ 1989ರಲ್ಲಿ 18ಕ್ಕೆ ಇಳಿಯಿತು. ಆದರೂ ಮತ ಹಾಕುವುದು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಲ್ಲ. ಶಾಸನ ಕೊಟ್ಟ ಹಕ್ಕೆಂದೇ ನ್ಯಾಯಾಲಯಗಳು ಅದನ್ನು ಪರಿಗಣಿಸುತ್ತ ಬಂದಿವೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿ ಹೆಸರಿಲ್ಲದವರು ಮತ ಹಾಕುವಂತಿಲ್ಲ. 1993ರಲ್ಲಿ ಶೇಷನ್ ಅವರ ಕಾಲದಲ್ಲಿ ಬಂದ ಭಾವಚಿತ್ರದ ಗುರುತಿನ ಚೀಟಿ ಕೈಯಲ್ಲಿದ್ದರೂ ಅಷ್ಟೇ. ಚೀಟಿ ಗುರುತು ಹೇಳುತ್ತದೆ, ಮತ ಕೊಡಿಸುವುದು ಪಟ್ಟಿ. ವಿದೇಶದಲ್ಲಿರುವ ಕನ್ನಡಿಗರು ಭಾರತದ ಪೌರತ್ವ ಉಳಿಸಿಕೊಂಡಿದ್ದರೆ, 2010ರ ತಿದ್ದುಪಡಿಯ ಮೇರೆಗೆ ಊರಿನ ಪಟ್ಟಿಯಲ್ಲಿ ಹೆಸರು ಸೇರಿಸಬಹುದು. ಮತ ಹಾಕಲು ಮಾತ್ರ ಖುದ್ದಾಗಿ ಬರಬೇಕು.

ಪಟ್ಟಿಗೆ ಇಷ್ಟು ಬಲವಿರುವುದರಿಂದಲೇ ಅದರಿಂದ ಹೆಸರು ಕೀಳುವುದಕ್ಕೆ ಕಟ್ಟುಪಾಡುಗಳಿವೆ. ದೆಹಲಿ ಮತ್ತು ಮುಂಬಯಿಯ ಕೆಲವು ಬಡಾವಣೆಗಳಲ್ಲಿ ಪಟ್ಟಿಯಲ್ಲಿದ್ದವರಿಂದಲೇ ಪೌರತ್ವದ ಪುರಾವೆ ಕೇಳಿದಾಗ, ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 1995ರ ಲಾಲ್ ಬಾಬು ಹುಸೇನ್ ತೀರ್ಪಿನಲ್ಲಿ ನ್ಯಾಯಾಲಯ, ಹಿಂದಿನ ಪಟ್ಟಿಯಲ್ಲಿ ಹೆಸರಿದ್ದವರನ್ನು ಕಾರಣ ತಿಳಿಸಿ ನೋಟಿಸು ಕೊಡದೆ, ಅವರ ಮಾತು ಕೇಳದೆ ಕೈಬಿಡಬಾರದೆಂದಿತು. ಮೂವತ್ತು ವರ್ಷಗಳ ಬಳಿಕ, 2025ರಲ್ಲಿ, ಬಿಹಾರದ ವಿಶೇಷ ಪರಿಷ್ಕರಣೆಯ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರುಗಳು ಕಾಣದಾದಾಗ, ಆ ಹೆಸರುಗಳನ್ನು ಕಾರಣ ಸಹಿತ ಪ್ರಕಟಿಸುವಂತೆ ಅದೇ ನ್ಯಾಯಾಲಯ ಆಯೋಗಕ್ಕೆ ಆದೇಶಿಸಿತು. ನೋಂದಣಾಧಿಕಾರಿಯ ತೀರ್ಮಾನ ಸರಿಯಿಲ್ಲವೆನಿಸಿದರೆ ಜಿಲ್ಲಾಧಿಕಾರಿಗೂ, ಅಲ್ಲಿಂದ ಮುಂದೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೂ ಮೇಲ್ಮನವಿ ಸಲ್ಲಿಸಬಹುದು.

ಕರ್ತವ್ಯದ ಮಾತು ಬಂದಾಗ ಒಂದು ಸಂಗತಿ ಆಶ್ಚರ್ಯ ಹುಟ್ಟಿಸೀತು. 1976ರಲ್ಲಿ 42ನೆಯ ತಿದ್ದುಪಡಿ ಹತ್ತು ಮೂಲಭೂತ ಕರ್ತವ್ಯಗಳನ್ನು ಸೇರಿಸಿತು. 2002ರಲ್ಲಿ ಹನ್ನೊಂದನೆಯದು ಬಂತು. ಮತ ಹಾಕುವುದು ಈ ಹನ್ನೊಂದರಲ್ಲಿ ಇಲ್ಲ. ಲೋಕಸಭೆ, ವಿಧಾನಸಭೆಗಳಿಗೆ ಮತ ಹಾಕದವರಿಗೆ ಶಿಕ್ಷೆಯೂ ಇಲ್ಲ. ಆದರೆ ಪಟ್ಟಿಯ ವಿಷಯದಲ್ಲಿ ಕಾನೂನು ಕಟ್ಟುನಿಟ್ಟು. ಎರಡು ಕಡೆ ಹೆಸರು ಇರಕೂಡದು. ಸುಳ್ಳು ಹೇಳಿಕೆ ಬರೆದುಕೊಟ್ಟರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಎರಡು ಸಲ ಮತ ಹಾಕದಂತೆ ಬೆರಳಿಗೆ ಹಚ್ಚುವ ಶಾಯಿ 1962ರಿಂದ ಇಡೀ ದೇಶಕ್ಕೆ ಹೋಗುತ್ತಿರುವುದು ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯಿಂದ.

ಈಗ ವರ್ಷದಲ್ಲಿ ನಾಲ್ಕು ದಿನಾಂಕಗಳನ್ನು, ಅಂದರೆ ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳ ಒಂದನೆಯ ತಾರೀಖನ್ನು, ಹದಿನೆಂಟು ತುಂಬಿದ್ದಕ್ಕೆ ಗಣಿಸುತ್ತಾರೆ. ಹೊಸದಾಗಿ ಸೇರಲು ನಮೂನೆ 6, ಮನೆ ಬದಲಾದರೆ ಅಥವಾ ತಪ್ಪು ತಿದ್ದಬೇಕಿದ್ದರೆ ನಮೂನೆ 8. ಮತಗಟ್ಟೆಗೆ ಹೋಗುವಷ್ಟರಲ್ಲಿ ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿಬಿಟ್ಟಿದ್ದರೆ, ಗುರುತು ಸಾಬೀತುಪಡಿಸಿ ಪ್ರತ್ಯೇಕ ಮತಪತ್ರ ಕೇಳುವ ಹಕ್ಕೂ ಇದೆ. ಆದರೆ ಇವೆಲ್ಲಕ್ಕೂ ಮೊದಲು ಆಗಬೇಕಾದದ್ದು ಕರಡು ಪಟ್ಟಿ ಪ್ರಕಟವಾದಾಗ ಅದನ್ನೊಮ್ಮೆ ತೆರೆದು ನೋಡುವುದು. ಅಲ್ಲಿ ತಂದೆಯ ಇಲ್ಲವೇ ಗಂಡನ ಹೆಸರಿಗೆ ಇಂದಿಗೂ ಜಾಗವಿದೆ. ಅದಕ್ಕಿಂತ ಮೇಲಿನ ಸಾಲು ಮಾತ್ರ ಆಕೆಯ ಸ್ವಂತ ಹೆಸರಿನದು. ಆ ಒಂದು ಸಾಲು ಖಾಲಿಯಿದ್ದುದರಿಂದಲೇ ಮೊದಲ ಚುನಾವಣೆಯ ದಿನ 28 ಲಕ್ಷ ಮಂದಿ ಮನೆಯಲ್ಲೇ ಉಳಿಯಬೇಕಾಯಿತು.