ತುಟಿ, ನಾಲಿಗೆ ಊದಿಕೊಂಡರೆ ತಡಮಾಡಬೇಡಿ



ಮಾವಿನ ತೋಪಿನಲ್ಲೋ ಗುಲಾಬಿ ತೋಟದಲ್ಲೋ ಜೇನು, ಕಡಜ ಕಚ್ಚಿ ಮುಖ ಊದಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಯಾವ ಹುಳವೂ ಕಚ್ಚದೆ, ಬೆಳಿಗ್ಗೆ ಏಳುವಾಗಲೇ ತುಟಿ, ರೆಪ್ಪೆ, ನಾಲಿಗೆ ದಪ್ಪಗಾಗಿರುವುದೂ ಉಂಟು. ನಂಜು, ಪಿತ್ತ, ದೃಷ್ಟಿ ಎಂದು ನಾವು ಏನೇನೋ ಹೇಳುತ್ತೇವೆ. ವೈದ್ಯರು ಇದನ್ನು ಆಂಜಿಯೋಎಡೀಮಾ ಎನ್ನುತ್ತಾರೆ. ಚರ್ಮದ ಆಳದಲ್ಲಿರುವ ಸಣ್ಣ ರಕ್ತನಾಳಗಳಿಂದ ನೀರು ಸೋರಿ ನಿಲ್ಲುವುದೇ ಈ ಊತ. ಅದು ಗಂಟಲಿಗೆ ಇಳಿದರೆ ಉಸಿರು ಕಟ್ಟುತ್ತದೆ.

ನೋಡಲು ಊತ ಒಂದೇ ಆದರೂ ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲನೆಯದು ಅಲರ್ಜಿಯ ಊತ. ಜೇನಿನ ವಿಷ, ಕಡಲೆಕಾಯಿ, ಸೀಗಡಿ, ಪೆನ್ಸಿಲಿನ್ ಇವು ಕೆಲವರಿಗೆ ಒಗ್ಗುವುದಿಲ್ಲ. ಆಗ ದೇಹದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬರುತ್ತದೆ. ಹೆಚ್ಚಾಗಿ ಮೈಮೇಲೆ ಗಂಧೆ ಎದ್ದು ತುರಿಸುತ್ತದೆ. ಇದಕ್ಕೆ ಅಲರ್ಜಿ ಮಾತ್ರೆಗಳಿವೆ. ಉಸಿರಾಟ ಕಷ್ಟವಾದರೆ ತೊಡೆಗೆ ಹಾಕುವ ಅಡ್ರಿನಲಿನ್ ಇಂಜೆಕ್ಷನ್ ಪ್ರಾಣ ಉಳಿಸುತ್ತದೆ.

ಎರಡನೆಯದು ಬ್ರಾಡಿಕೈನಿನ್ ಎಂಬ ವಸ್ತು ಹೆಚ್ಚಾಗಿ ಬರುವ ಊತ. ಇದರಲ್ಲಿ ಗಂಧೆ, ತುರಿಕೆ ಇರುವುದಿಲ್ಲ. ಅಲರ್ಜಿ ಔಷಧಿಗೆ ಇದು ಬಗ್ಗುವುದಿಲ್ಲ. ಬಿ.ಪಿ.ಗೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಮುಂತಾದ 'ಪ್ರಿಲ್' ಮಾತ್ರೆಗಳಿಂದ ಕೆಲವೇ ಕೆಲವರಿಗೆ ಇದು ಬರುತ್ತದೆ. ನುಂಗತೊಡಗಿದ ವಾರದಲ್ಲೇ ಬರಬಹುದು, ವರ್ಷಗಳಾದ ಮೇಲೂ ಬರಬಹುದು. ಆದ್ದರಿಂದಲೇ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಮನೆಬಾಗಿಲಿಗೇ ಬಿ.ಪಿ. ಮಾತ್ರೆ ತಲುಪಿಸುವ ಸರ್ಕಾರಿ ಯೋಜನೆ 2021ರಲ್ಲಿ ಆರಂಭವಾದದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ನುಂಗುವ ಮಾತ್ರೆಯ ಹೆಸರು ಮನೆಯವರಿಗೆ ತಿಳಿದಿರಲಿ.

ಇದೇ ಬಗೆಯ ಊತ ವಂಶದಲ್ಲೂ ಬರುತ್ತದೆ. 1888ರಲ್ಲಿ ವಿಲಿಯಂ ಆಸ್ಲರ್ ಎಂಬ ವೈದ್ಯರು ಒಂದೇ ಕುಟುಂಬದ ಐದು ತಲೆಮಾರುಗಳಲ್ಲಿ ಇದನ್ನು ಗುರುತಿಸಿದರು. ರಕ್ತದಲ್ಲಿ ಸಿ1 ಇನ್ಹಿಬಿಟರ್ ಎಂಬ ಪ್ರೋಟೀನಿನ ಕೊರತೆಯೇ ಕಾರಣವೆಂದು 1963ರಲ್ಲಿ ಡೊನಾಲ್ಡ್‌ಸನ್ ಮತ್ತು ಇವಾನ್ಸ್ ಕಂಡುಹಿಡಿದರು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಕರುಳು ಊದಿಕೊಂಡು ತೀವ್ರ ಹೊಟ್ಟೆನೋವು ಬಂದಾಗ ಅಪೆಂಡಿಕ್ಸ್ ಎಂದು ತಿಳಿದು ಸುಮ್ಮನೆ ಹೊಟ್ಟೆ ಕೊಯ್ಯಿಸಿಕೊಂಡವರಿದ್ದಾರೆ. ಸಿ4 ಎಂಬ ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಕೊರತೆಯಾದ ಪ್ರೋಟೀನನ್ನೇ ಇಂಜೆಕ್ಷನ್ ಆಗಿ ಕೊಡಬಹುದು. ಬ್ರಾಡಿಕೈನಿನ್ ತಡೆಯುವ ಇಕಾಟಿಬ್ಯಾಂಟ್ ಕೂಡ ಇದೆ. ಇವು ದುಬಾರಿ. ಇವು ಸಿಗದ ಕಡೆ ಪ್ಲಾಸ್ಮಾ ಕೊಡುತ್ತಾರೆ. ಊತ ಮರುಕಳಿಸದಂತೆ ಡ್ಯಾನಜೋಲ್, ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಗಳನ್ನು ವೈದ್ಯರು ಬರೆಯುತ್ತಾರೆ. ಗರ್ಭಿಣಿಯರು ಡ್ಯಾನಜೋಲ್ ನುಂಗಬಾರದು.

ನಾವು ಮಾಡಬೇಕಾದದ್ದಿಷ್ಟು:

* ನಾಲಿಗೆ ಊದಿದರೆ, ಧ್ವನಿ ಬದಲಾದರೆ, ಎಂಜಲು ನುಂಗಲಾಗದಿದ್ದರೆ 108ಕ್ಕೆ ಫೋನ್ ಮಾಡಿ. ಮನೆಮದ್ದು ಅರೆಯುತ್ತಾ ಕೂರಬೇಡಿ.
* ನುಂಗುವ ಮಾತ್ರೆಗಳ ಪಟ್ಟಿಯನ್ನು ಆಸ್ಪತ್ರೆಗೆ ಒಯ್ಯಿರಿ. 'ಪ್ರಿಲ್' ಮಾತ್ರೆ ನುಂಗುವವರಿಗೆ ಮುಖ ಊದಿದರೆ ಮುಂದಿನ ಮಾತ್ರೆ ನುಂಗದೆ ಅಂದೇ ವೈದ್ಯರನ್ನು ಕಾಣಿರಿ.
* ಊತವಿಲ್ಲದವರು ಹೆದರಿ ಬಿ.ಪಿ. ಮಾತ್ರೆ ನಿಲ್ಲಿಸಬೇಡಿ. ಅದರಿಂದ ಲಕ್ವ ಹೊಡೆಯುವ ಅಪಾಯವಿದೆ.
* ಮನೆಯಲ್ಲಿ ಯಾರಾದರೂ ಹೀಗೆ ಊದಿಕೊಂಡು ತೀರಿಕೊಂಡಿದ್ದರೆ ಅದನ್ನು ಮುಚ್ಚಿಡಬೇಡಿ, ವೈದ್ಯರಿಗೆ ಹೇಳಿ. ಹಿರಿಯರ ಆ ಒಂದು ನೆನಪು ಮಕ್ಕಳ ಜೀವ ಉಳಿಸೀತು.