ಸೇಂ ಸುಲ್ಪೀಸ್ ಚರ್ಚಿನ ಪೈಪ್ ಆರ್ಗನ್

ಸೇಂ ಸುಲ್ಪೀಸ್ ಚರ್ಚಿನ ಪೈಪ್ ಆರ್ಗನ್ ಫ್ರಾನ್ಸಿನ ರಾಜಧಾನಿ ಪ್ಯಾರಿಸಿನಲ್ಲಿರುವ ಬೃಹತ್ ವಾದ್ಯ. ಫ್ರಾಂಸ್ವಾ-ಆಂರಿ ಕ್ಲಿಕೊ ಅವರು 1781ರಲ್ಲಿ ನಿರ್ಮಿಸಿದ ಇದನ್ನು ಅರಿಸ್ಟೀಡ್ ಕವಾಯೆ-ಕೋಲ್ (1811–1899) ಅವರು ಪುನರ್ನಿರ್ಮಿಸಿ 1862ರಲ್ಲಿ ಪೂರ್ಣಗೊಳಿಸಿದರು. ಹಳೆಯ ಮತ್ತು ಹೊಸ ಶೈಲಿಗಳ ಸಂಗೀತಕ್ಕೆ ಒಂದೇ ವಾದ್ಯವನ್ನು ಒಗ್ಗಿಸಿದ್ದು ಈ ನಿರ್ಮಾಣದ ವೈಶಿಷ್ಟ್ಯ.

ಕಾರ್ಯವಿಧಾನ

ತಿದಿಗಳಿಂದ ಬರುವ ಗಾಳಿಯು ಮರದ ಪೆಟ್ಟಿಗೆಗಳಲ್ಲಿ ಒತ್ತಡದಲ್ಲಿ ನಿಲ್ಲುತ್ತದೆ. ಕೀಲಿಯನ್ನು ಒತ್ತಿದಾಗ ಕವಾಟ ತೆರೆದು, ಗಾಳಿ ಕೊಳವೆಯನ್ನು ಹೊಕ್ಕು ನಾದ ಹೊಮ್ಮುತ್ತದೆ. ಒಂದು ಕೊಳವೆಯಿಂದ ಒಂದೇ ಸ್ವರ ಹೊರಡುವುದರಿಂದ ಪ್ರತಿಯೊಂದು ನಾದಗುಣಕ್ಕೂ ಕೊಳವೆಗಳ ಪೂರ್ಣ ಸಾಲೊಂದು ಬೇಕು. ಇಂತಹ ಸಾಲನ್ನು ‘ಸ್ಟಾಪ್’ ಎನ್ನುತ್ತಾರೆ. ಕೆಲವು ಕೊಳವೆಗಳು ಕೊಳಲಿನಂತೆ ನುಡಿದರೆ, ಇನ್ನು ಕೆಲವುಗಳ ಬುಡದಲ್ಲಿ ಹಾರ್ಮೋನಿಯಂನಲ್ಲಿರುವಂತೆ ಲೋಹದ ರೀಡ್ ಕಂಪಿಸುತ್ತದೆ. ಕೊಳವೆ ಉದ್ದವಾದಷ್ಟೂ ಸ್ವರ ತಗ್ಗುತ್ತದೆ. ಈ ಆರ್ಗನ್ನಿನ ಅತ್ಯಂತ ತಗ್ಗಿನ ಸಾಲುಗಳು 32 ಅಡಿಯ ಅಳತೆಯವು.

ಪುನರ್ನಿರ್ಮಾಣ

ಹೊಸ ವಾದ್ಯಕ್ಕಾಗಿ ಹಳೆಯದನ್ನು ಪೂರ್ತಿಯಾಗಿ ಕಿತ್ತುಹಾಕುವ ಮಾರ್ಗವನ್ನು ಕವಾಯೆ-ಕೋಲ್ ಹಿಡಿಯಲಿಲ್ಲ. ಕ್ಲಿಕೊ ಅವರ ಅನೇಕ ಸ್ಟಾಪ್‌ಗಳನ್ನೂ, ವಾಸ್ತುಶಿಲ್ಪಿ ಶಾಲ್ಗ್ರಾಂ ವಿನ್ಯಾಸಗೊಳಿಸಿದ್ದ ಮರದ ಹೊರಕವಚವನ್ನೂ ಉಳಿಸಿಕೊಂಡು, ಅವುಗಳೊಡನೆ ವಾದ್ಯವೃಂದವನ್ನು ನೆನಪಿಸುವ ಹೊಸ ನಾದಗಳನ್ನು ಸೇರಿಸಿದರು. ಹೀಗೆ 100 ಸ್ಟಾಪ್‌ಗಳು, ಕೈಗಳಿಗೆ ಐದು ಕೀಲಿಮಣೆಗಳು ಹಾಗೂ ಪಾದಗಳಿಗೆ ಒಂದು ಕೀಲಿಮಣೆ ಸಿದ್ಧವಾದವು.

ವಿನ್ಯಾಸದ ಸಮಸ್ಯೆಗಳು

ಸ್ಟಾಪ್‌ಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ವಾದ್ಯವು ಬಹೂಪಯೋಗಿಯಾಗುವುದಿಲ್ಲ. ಇಲ್ಲಿ ಮೂರು ತೊಡಕುಗಳು ಎದುರಾಗುತ್ತವೆ.

ಮೊದಲನೆಯದು, ಕೀಲಿಯ ಭಾರ. ಹಲವು ಕವಾಟಗಳನ್ನು ಏಕಕಾಲಕ್ಕೆ ತೆರೆಯಬೇಕಾದಾಗ ಬೆರಳುಗಳಿಗೆ ಆಯಾಸವಾಗುತ್ತದೆ. ಇದಕ್ಕೆ ಪರಿಹಾರ ಇಂಗ್ಲೆಂಡಿನ ಚಾರ್ಲ್ಸ್ ಬಾರ್ಕರ್ ರೂಪಿಸಿದ ಸನ್ನೆ. ಗಾಳಿಯ ಒತ್ತಡದಿಂದ ಉಬ್ಬುವ ಪುಟ್ಟ ತಿದಿಯೇ ಇದರಲ್ಲಿ ಕವಾಟವನ್ನು ಎಳೆಯುತ್ತದೆ. ಕವಾಯೆ-ಕೋಲ್ ಇದನ್ನು 1841ರಲ್ಲಿ ಪೂರ್ಣಗೊಂಡ ಸೇಂ ದೆನಿ ಚರ್ಚಿನ ಆರ್ಗನ್ನಿನಲ್ಲಿಯೇ ಅಳವಡಿಸಿದ್ದರು.

ಎರಡನೆಯದು, ತಾರಸ್ಥಾಯಿಯ ಕ್ಷೀಣತೆ. ಚಿಕ್ಕ ಕೊಳವೆಗಳಿಗೆ ಹೆಚ್ಚಿನ ಒತ್ತಡದ ಗಾಳಿಯನ್ನು ಪ್ರತ್ಯೇಕವಾಗಿ ಒದಗಿಸಿ ಅವರು ಇದನ್ನು ನಿವಾರಿಸಿದರು.

ಮೂರನೆಯದು, ಏರಿಳಿತದ ಅಭಾವ. ಒತ್ತಿದ ಕೀಲಿಯ ಸ್ವರ ಒಂದೇ ಮಟ್ಟದಲ್ಲಿ ನುಡಿಯುತ್ತಿರುತ್ತದೆ. ಕೊಳವೆಗಳ ಒಂದು ವಿಭಾಗವನ್ನು ಪೆಟ್ಟಿಗೆಯಲ್ಲಿರಿಸಿ, ಪಾದದಿಂದ ಅದರ ಪಟ್ಟಿಗಳನ್ನು ತೆರೆದು ಮುಚ್ಚುವುದರಿಂದ ನಾದವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು.

ಪ್ರಭಾವ

1870ರಿಂದ 1933ರವರೆಗೆ ಇಲ್ಲಿ ಆರ್ಗನ್ ವಾದಕರಾಗಿದ್ದ ಶಾರ್ಲ್-ಮರಿ ವಿದೋರ್ ಅವರು ಆರ್ಗನ್ನಿಗಾಗಿ ಹತ್ತು ಸಿಂಫನಿಗಳನ್ನು ರಚಿಸಿದರು. ಅವರ ಬಳಿಕ ಮಾರ್ಸೆಲ್ ದ್ಯುಪ್ರೆ 1971ರವರೆಗೆ ಆ ಸ್ಥಾನದಲ್ಲಿದ್ದರು. ವಿದೋರ್ ಅವರ ಶಿಷ್ಯ ಆಲ್ಬರ್ಟ್ ಶ್ವೈಟ್ಜರ್ 1906ರ ತಮ್ಮ ಕಿರುಹೊತ್ತಗೆಯಲ್ಲಿ ಜರ್ಮನ್ ಮತ್ತು ಫ್ರೆಂಚ್ ಆರ್ಗನ್‌ಗಳನ್ನು ಹೋಲಿಸಿ, ಹಳೆಯ ವಾದ್ಯಗಳ ಸಂರಕ್ಷಣೆಗಾಗಿ ವಾದಿಸಿದರು. ಅಭಿರುಚಿ ಬದಲಾದಂತೆ ಯುರೋಪಿನ ಅನೇಕ ಆರ್ಗನ್‌ಗಳು ಮೂಲನಾದವನ್ನು ಕಳೆದುಕೊಂಡಿವೆ. ಸೇಂ ಸುಲ್ಪೀಸ್‌ನಲ್ಲಿ ಮಾತ್ರ ಹದಿನೆಂಟನೆಯ ಮತ್ತು ಹತ್ತೊಂಬತ್ತನೆಯ ಶತಮಾನಗಳ ಕೊಳವೆಗಳು ಇಂದಿಗೂ ಒಟ್ಟಾಗಿ ನುಡಿಯುತ್ತಿವೆ.